ದೇವರ ರಾಜ್ಯ ನಮ್ಮೊಳಗೇ ಇದ್ದರೆ ಹೊರಗೆ ಏನು ಬದಲಾಗಬೇಕು?

ಪಿಂಪ್ರಿ ಪಾಳಿ:
ಪುಣೆಯಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ವಾರಕ್ಕೊಮ್ಮೆ ಮನೆ ಪ್ರಾರ್ಥನೆಗೆ ಸೇರುತ್ತೇವೆ. ಬೀದರ್, ಕಲಬುರಗಿ, ಹುಬ್ಬಳ್ಳಿ ಕಡೆಯವರೇ ಜಾಸ್ತಿ. ಈ ಸಲ ಲೂಕನ ಸುವಾರ್ತೆಯ 17ನೇ ಅಧ್ಯಾಯ ಓದಿದೆವು. ದೇವರ ರಾಜ್ಯ ಯಾವಾಗ ಬರುತ್ತದೆ ಅಂತ ಫರಿಸಾಯರು (ಧರ್ಮಶಾಸ್ತ್ರವನ್ನ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯರ ಒಂದು ಪಂಗಡ) ಕೇಳುತ್ತಾರೆ. ಅದು ಕಣ್ಣಿಗೆ ಕಾಣುವ ಹಾಗೆ ಬರುವಂಥದ್ದಲ್ಲ, ಇಲ್ಲಿದೆ ಅಲ್ಲಿದೆ ಅಂತ ಬೆರಳು ಮಾಡಿ ತೋರಿಸೋಕೆ ಆಗಲ್ಲ, ಅದು ನಿಮ್ಮಲ್ಲೇ ಇದೆ ಅಂತ ಯೇಸು ಹೇಳುತ್ತಾರೆ.

ಅಲ್ಲಿಂದ ಜಗಳ ಶುರು. ಹಿಂಜವಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ, "ಹಾಗಾದರೆ ಚರ್ಚು ಯಾಕೆ, ಭಾನುವಾರ ಯಾಕೆ, ಯೇಸು ಮತ್ತೆ ಬರೋ ಎರಡನೇ ಬರೋಣಕ್ಕೆ ಕಾಯೋದು ಯಾಕೆ? ಕಣ್ಣು ಮುಚ್ಚಿ ಕೂತರೆ ಸಾಕಲ್ವಾ?" ಅಂದ. ಹಿರಿಯರೊಬ್ಬರಿಗೆ ಸಿಟ್ಟು ಬಂತು. "ರಾಜ್ಯ ಅಂದರೆ ಪರಲೋಕ, ಸತ್ತ ಮೇಲೆ ಸಿಗೋದು" ಅಂದರು. ಚಹಾ ಬರೋ ಹೊತ್ತಿಗೆ ಯಾರೂ ಯಾರ ಜೊತೆಗೂ ಮಾತಾಡ್ತಿರಲಿಲ್ಲ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಮಾಟುಂಗಾ ಮಾಮ:
ಇಬ್ಬರೂ ಅರ್ಧರ್ಧ ಹಿಡಿದುಕೊಂಡಿದ್ದಾರೆ. ಮೊದಲು ಆ ಪ್ರಶ್ನೆ ಕೇಳಿದವರು ಯಾರು, ಯಾಕೆ ಕೇಳಿದರು ಅನ್ನೋದು ನೋಡಿ.

ಆಗ ಯೆರೂಸಲೇಮ್ ಇರುವ ಯೂದಾಯ ನಾಡು ರೋಮನ್ನರ ಕೈಯಲ್ಲಿತ್ತು. ಕ್ರಿ.ಶ. 6ರಲ್ಲಿ ರೋಮನ್ನರು ತೆರಿಗೆಗಾಗಿ ಜನಗಣತಿ ಮಾಡಿದಾಗ ಗಲಿಲಾಯದ ಯೂದ ಎಂಬವನು ದಂಗೆ ಎಬ್ಬಿಸಿದ್ದ. ದೇವರೊಬ್ಬನೇ ರಾಜ, ರೋಮ್ ಚಕ್ರವರ್ತಿ ಕೈಸರನಿಗೆ ತೆರಿಗೆ ಕೊಡಲ್ಲ ಅನ್ನೋದು ಅವನ ವಾದ. ಮುಂದೆ 66ರಲ್ಲಿ ದೊಡ್ಡ ಯುದ್ಧವೇ ಆಯಿತು, 70ರಲ್ಲಿ ಯೆರೂಸಲೇಮಿನ ದೇವಾಲಯ ಸುಟ್ಟುಹೋಯಿತು. ಈ ಎರಡರ ನಡುವೆ ಕೂತು "ದೇವರ ರಾಜ್ಯ ಯಾವಾಗ" ಅಂತ ಕೇಳಿದರೆ ಅದು ಧ್ಯಾನದ ಪ್ರಶ್ನೆ ಅಲ್ಲ. ತಾರೀಖು ಹೇಳು, ಗುರುತು ಹೇಳು, ಯಾರ ಬೆನ್ನ ಹಿಂದೆ ನಿಲ್ಲಬೇಕು ಹೇಳು ಅಂತ ಅರ್ಥ.

ಯೇಸುವಿನ ಉತ್ತರ ಆ ಪ್ರಶ್ನೆಯ ಬುಡಕ್ಕೇ ಕೈ ಹಾಕುತ್ತದೆ. ರಾಜ್ಯ ಬರಲಿ ಅಂತ ಗಡಿಯ ಕಡೆ ನೋಡುತ್ತಾ ನಿಂತವರಿಗೆ, ಆಳ್ವಿಕೆ ಶುರುವಾಗುವ ಜಾಗ ನೀವೇ ಅಂತ ಹೇಳಿದ ಹಾಗಾಯಿತು. ಸತ್ತ ಮೇಲೆ ಸಿಗೋದು ಅಂತ ಇಲ್ಲಿ ಎಲ್ಲೂ ಬಂದಿಲ್ಲ.

ಹಡಪ್ಸರ್ ಹಾದಿ:
ಮಾಮ, ಒಂದು ತಕರಾರು. ಫರಿಸಾಯರಲ್ಲಿ ಎಷ್ಟೋ ಜನ ಯೇಸುವನ್ನ ಸಿಕ್ಕಿಸಿಹಾಕೋಕೆ ಹೊಂಚು ಹಾಕ್ತಿದ್ದರು. ಅಂಥವರ ಒಳಗೆ ದೇವರ ರಾಜ್ಯ ಇತ್ತಾ? "ನಿಮ್ಮ ನಡುವೆ" ಅಂತಲೂ ಆ ಮಾತನ್ನ ಓದಬಹುದು ಅಂತಾರಲ್ಲ. ಅಂದರೆ ನಾನೇ ನಿಮ್ಮೆದುರು ನಿಂತಿದ್ದೀನಿ, ಕಾಣ್ತಿಲ್ವಾ ಅಂತ.

ಮಾಟುಂಗಾ ಮಾಮ:
ಹೌದು, ಎರಡೂ ಓದುಗಳಿವೆ. ಪಂಡಿತರು ಇನ್ನೂ ಗುದ್ದಾಡುತ್ತಾರೆ, ಗುದ್ದಾಡಲಿ. ಆದರೆ ಬರೀ ಆ ಒಂದು ವಾಕ್ಯದ ಮೇಲೆ ಎಲ್ಲ ಕಟ್ಟೋದು ಬೇಡ. ಒಳಗೆ ಅನ್ನೋ ಮಾತಿಗೆ ಬೇರೆ ಕಡೆಯೂ ಸಾಕಷ್ಟು ಆಧಾರ ಇದೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ (14:17) ಪೌಲನು, ದೇವರ ರಾಜ್ಯ ತಿನ್ನೋದು ಕುಡಿಯೋದು ಅಲ್ಲ, ನೀತಿ, ಸಮಾಧಾನ, ಪವಿತ್ರಾತ್ಮನಿಂದಾಗುವ ಆನಂದ ಅನ್ನುತ್ತಾನೆ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತ ಪಂಡಿತ ಒರಿಗೆನ್ ಪ್ರಾರ್ಥನೆಯ ಬಗ್ಗೆ ಬರೆಯುವಾಗ ಇದನ್ನೇ ಹಿಡಿದ. "ನಿನ್ನ ರಾಜ್ಯವು ಬರಲಿ" ಅಂತ ಬೇಡುವವನು ತನ್ನೊಳಗಿನ ದೇವರ ರಾಜ್ಯ ಮೊಳೆತು, ಬೆಳೆದು, ಫಲ ಕೊಡಲಿ ಅಂತ ಬೇಡುತ್ತಾನೆ ಅಂತ. ಒಳಗೆ ಅನ್ನೋದು ಹೊಸ ಕಾಲದವರ ಆವಿಷ್ಕಾರ ಏನಲ್ಲ.

ಕೊಥ್ರೂಡ್ ಕಾಯಕ:
ನಾನು ಲಿಂಗಾಯತ ಮನೆಯವನು, ಕ್ರೈಸ್ತನಲ್ಲ. ಆದರೂ ಇಲ್ಲಿ ಕೂತು ಓದ್ತಾ ಇದ್ದೀನಿ, ಬೇಜಾರಿಲ್ಲ ತಾನೇ? ಬಸವಣ್ಣ 12ನೇ ಶತಮಾನದಲ್ಲೇ ದೇಹವನ್ನ ದೇಗುಲ ಮಾಡಿದರು. ಕಲ್ಲಿನ ಗುಡಿ ಬೇಕಾಗಿಲ್ಲ, ನೀನೇ ಗುಡಿ ಅಂದರು. ಇದು ಅದೇ ಅಲ್ವಾ? ಹೆಸರು ಬೇರೆ ಅಷ್ಟೇ.

ಮಡಗಾಂವ್ ಮಳೆ:
ಬೇಜಾರು ಯಾಕೆ, ಬನ್ನಿ. ಹತ್ತಿರ ಇದೆ, ಆದರೆ ಅದೇ ಅಲ್ಲ ಅಂತ ನನಗನ್ನಿಸುತ್ತದೆ. ಗುಡಿ ಒಳಗಿದೆ ಅಂದರೆ ದೇವರು ನನ್ನಲ್ಲಿ ನೆಲೆಸಿದ್ದಾನೆ ಅಂತ. ರಾಜ್ಯ ಒಳಗಿದೆ ಅಂದರೆ ನನ್ನೊಳಗೆ ಅಪ್ಪಣೆ ಕೊಡೋನು ನಾನಲ್ಲ ಅಂತ. ಗುಡಿಯಲ್ಲಿ ಕೈ ಮುಗಿದು ಎದ್ದು ಬರಬಹುದು. ರಾಜನ ಹತ್ತಿರ ಹಾಗಾಗಲ್ಲ, ಅವನು ಲೆಕ್ಕ ಕೇಳುತ್ತಾನೆ. ಅದಕ್ಕೇ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ "ನಿನ್ನ ರಾಜ್ಯವು ಬರಲಿ" ಆದ ಕೂಡಲೇ "ನಿನ್ನ ಚಿತ್ತವು ನೆರವೇರಲಿ" ಬರುತ್ತದೆ. ಎಲ್ಲಿ? "ಭೂಲೋಕದಲ್ಲಿಯೂ". ಎದೆಯೊಳಗೆ ಮಾತ್ರ ಅಂತಿಲ್ಲ.

ಕೊಥ್ರೂಡ್ ಕಾಯಕ:
ಒಪ್ಪಿದೆ, ಪೂರ್ತಿ ಅಲ್ಲ. ಶರಣರೂ ಕೈ ಮುಗಿದು ಎದ್ದು ಹೋಗಲಿಲ್ಲ. ಗುಡಿ ಒಳಗೆ ಬಂದ ಮೇಲೆ ಕಾಯಕ, ದಾಸೋಹ ಇನ್ನೂ ಬಿಗಿಯಾಯಿತು. ಕಲ್ಯಾಣದಲ್ಲಿ ಬೇರೆ ಬೇರೆ ಜಾತಿಯ ಎರಡು ಮನೆಗಳ ನಡುವೆ ಮದುವೆ ಮಾಡಿಸಿ ಪ್ರಾಣ ತೆತ್ತವರು ಅವರು. ಒಳಗಿನದು ಒಳಗೇ ಉಳಿಯಲಿಲ್ಲ ನೋಡಿ.

ಮಡಗಾಂವ್ ಮಳೆ:
ಅದು ನಿಜ. ಹಾಗಿದ್ದರೆ ನಾವು ಇನ್ನೂ ಹತ್ತಿರ ಬಂದೆವು.

ಕಾಂದಿವಲಿ ಕಡಲು:
ನಾನು ನರ್ಸ್. ರಾತ್ರಿ ಪಾಳಿ ಮುಗಿಸಿ ಲೋಕಲ್‌ನಲ್ಲಿ ಬರುತ್ತಾ ಇದನ್ನ ಓದಿದೆ. ನನ್ನ ಪ್ರಶ್ನೆ ಬೇರೆ. ರಾಜ್ಯ ನಿನ್ನೊಳಗಿದೆ ಅಂತ ನಮ್ಮ ಪ್ರಾರ್ಥನಾ ಗುಂಪಲ್ಲಿ ಎಲ್ಲರೂ ಹೇಳ್ತಾರೆ. ಸಾಕ್ಷಿ ಹೇಳುವಾಗ, ಅಂದರೆ ತಮ್ಮ ವಿಶ್ವಾಸದ ಅನುಭವ ಹೇಳಿಕೊಳ್ಳುವಾಗ, ಎಲ್ಲರಿಗೂ ಆನಂದ, ಸಮಾಧಾನ, ಕಣ್ಣೀರು. ನಾನು ಒಳಗೆ ನೋಡಿದರೆ ಸಿಗೋದು ನಿದ್ದೆಗೇಡು, ಭಯ, ಊರಲ್ಲಿರೋ ಅಮ್ಮನ ಚಿಂತೆ. ಅಂದರೆ ನನ್ನೊಳಗೆ ಇಲ್ವಾ? ಒಮ್ಮೆ ಇದನ್ನ ಬಾಯಿಬಿಟ್ಟು ಕೇಳಿದಾಗ "ವಿಶ್ವಾಸ ಕಡಿಮೆ ಸಿಸ್ಟರ್, ಇನ್ನೂ ಪ್ರಾರ್ಥಿಸಿ" ಅಂದರು. ಹೊರಗೆ ಹುಡುಕೋದಾದರೂ ವಾಸಿ. ಒಳಗೆ ಹುಡುಕಿ ಸಿಗದಿದ್ದರೆ ತಪ್ಪೆಲ್ಲ ನಮ್ಮದೇ ಆಗಿಬಿಡುತ್ತೆ.

ಹಡಪ್ಸರ್ ಹಾದಿ:
ಅವರು ಹಾಗೆ ಹೇಳಬಾರದಿತ್ತು.

ಮಾಟುಂಗಾ ಮಾಮ:
ಸಿಸ್ಟರ್, ಈ ಚರ್ಚೆಯಲ್ಲಿ ಬಂದ ಅತಿ ಮುಖ್ಯ ಪ್ರಶ್ನೆ ನಿಮ್ಮದು. ಒಳಗೆ ಅಂದರೆ ಮನಸ್ಸಿನ ಹವಾಮಾನ ಅಂತ ನಾವು ತಿಳಿದುಕೊಂಡಿದ್ದೇವೆ. ಇವತ್ತು ಹಿತವಾಗಿದೆ, ರಾಜ್ಯ ಇದೆ. ನಾಳೆ ಮಂಕಾಗಿದೆ, ರಾಜ್ಯ ಹೋಯಿತು. ಸುವಾರ್ತೆಯಲ್ಲಿ ಹಾಗೆಲ್ಲೂ ಇಲ್ಲ.

ಮಾರ್ಕ 4ರಲ್ಲಿ ಒಂದು ಪುಟ್ಟ ಸಾಮ್ಯ, ಅಂದರೆ ಹೋಲಿಕೆಯ ಕಥೆ, ಇದೆ. ಸಾಸಿವೆ ಕಾಳಿನದಲ್ಲ, ಅದರ ಹಿಂದಿನದು. ಒಬ್ಬ ಬೀಜ ಹಾಕುತ್ತಾನೆ. ರಾತ್ರಿ ಮಲಗುತ್ತಾನೆ, ಬೆಳಗ್ಗೆ ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆ ಅಂತ ಅವನಿಗೇ ಗೊತ್ತಿಲ್ಲ. ಮೊದಲು ಎಲೆ, ಆಮೇಲೆ ತೆನೆ, ಆಮೇಲೆ ತೆನೆ ತುಂಬ ಕಾಳು. ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನೊಬ್ಬನೇ ಇದನ್ನ ಬರೆದಿರೋದು. ರೈತ ಮಣ್ಣು ಕೆದಕಿ ಬೀಜ ಬೆಳೀತಾ ಅಂತ ದಿನಾ ನೋಡಲ್ಲ. ನೋಡಿದರೆ ಬೀಜ ಹಾಳು. ನೀವು ರಾತ್ರಿಯಿಡೀ ರೋಗಿಯ ಹತ್ತಿರ ನಿಂತು ಬಂದು, ಈಗ ನನ್ನೊಳಗೆ ಏನೂ ಅನಿಸ್ತಿಲ್ಲ ಅಂದರೆ, ಅನಿಸದೇ ಇರಲಿ. ರಾಜ ಯಾರು ಅನ್ನೋದು ನೀವು ರಾತ್ರಿ ಎಲ್ಲಿ ನಿಂತಿದ್ದಿರಿ ಅನ್ನೋದರಲ್ಲಿ ಗೊತ್ತಾಯಿತಲ್ಲ.

ಮತ್ತೆ ನಿದ್ದೆಗೇಡು ಜಾಸ್ತಿ ದಿನ ನಡೆದರೆ ಡಾಕ್ಟರಿಗೆ ತೋರಿಸಿ. ಅದಕ್ಕೂ ವಿಶ್ವಾಸಕ್ಕೂ ಗಂಟು ಹಾಕಬೇಡಿ.

ಕಾಂದಿವಲಿ ಕಡಲು:
ಥ್ಯಾಂಕ್ಸ್ ಮಾಮ. ತೋರಿಸಿಕೊಳ್ತಾ ಇದ್ದೀನಿ.

ವಾಸ್ಕೋ ವಾಸಿ:
ನನ್ನ ಮಾತು ಸ್ವಲ್ಪ ಒರಟು, ಮೊದಲೇ ಹೇಳ್ತೀನಿ. ಗೋವಾದಲ್ಲಿ ಕಟ್ಟಡದ ಸೈಟಲ್ಲಿ ಸೂಪರ್‌ವೈಸರ್ ನಾನು. ಕೆಲಸಕ್ಕೆ ಬರೋರೆಲ್ಲ ಗದಗ, ಬಾಗಲಕೋಟೆ, ವಿಜಯಪುರದವರು. ಶನಿವಾರ ಪಗಾರ ಕೊಡಬೇಕು. ಒಬ್ಬ ಗುತ್ತಿಗೆದಾರ ಇದ್ದ, ದೊಡ್ಡ ವಿಶ್ವಾಸಿ. ಶೆಡ್‌ನಲ್ಲೇ ಪ್ರಾರ್ಥನೆ ಇಡಿಸ್ತಿದ್ದ. ಹಾಡು, ಚಪ್ಪಾಳೆ, ಬಿಸ್ಕತ್ತು. ಪಗಾರದ ಡೈರಿ ತೆಗೆದರೆ ಹೆಬ್ಬೆಟ್ಟಿನ ಗುರುತುಗಳ ಮುಂದೆ ಮೊತ್ತದ ಜಾಗ ಖಾಲಿ. "ಬುಧವಾರ ನೋಡೋಣ" ಅಂತಿದ್ದ. ಒಬ್ಬ ಹೆಂಗಸು, ಮಗುವಿಗೆ ಜ್ವರ ಅಂತ ದುಡ್ಡು ಕೇಳೋಕೆ ಬಂದಳು. ಆಗ ಇವನು ಹೇಳಿದ್ದೇನು ಗೊತ್ತಾ? "ನೋಡಮ್ಮಾ, ದೇವರ ರಾಜ್ಯ ಹಣದಲ್ಲಿಲ್ಲ, ನಿನ್ನ ಹೃದಯದಲ್ಲಿದೆ."

ಈಗ ಹೇಳಿ. ಈ ಒಳಗಿನ ರಾಜ್ಯ ಅನ್ನೋದು ಯಾರಿಗೆ ಅನುಕೂಲ? ಹೊಟ್ಟೆ ತುಂಬಿದವನಿಗೆ ಇದರಷ್ಟು ಅಗ್ಗದ ಉಪದೇಶ ಇನ್ನೊಂದಿಲ್ಲ.

ಪಿಂಪ್ರಿ ಪಾಳಿ:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಗುಂಪಲ್ಲಿ ಯಾರೂ ಇದನ್ನ ಎತ್ತಲಿಲ್ಲ.

ಮಡಗಾಂವ್ ಮಳೆ:
ಅವನಿಗೆ ಯಾಕೋಬನ ಪತ್ರ 5:4 ಓದಿಸಬೇಕಿತ್ತು. ಹೊಲ ಕೊಯ್ದವರಿಗೆ ನೀವು ಕೊಡದೆ ಹಿಡಿದ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ ಅಲ್ಲಿದೆ. ಕೂಲಿಯವನ ಕೂಲಿ ಮಾರನೇ ಬೆಳಗ್ಗೆವರೆಗೂ ನಿನ್ನ ಹತ್ತಿರ ಇರಬಾರದು ಅಂತ ಮೋಶೆಯ ಧರ್ಮಶಾಸ್ತ್ರದಲ್ಲೇ ಇದೆ, ಯಾಜಕಕಾಂಡ 19ರಲ್ಲಿ. ಇವನ ಬುಧವಾರ ಯಾವ ಲೆಕ್ಕ?

ಮಾಟುಂಗಾ ಮಾಮ:
ವಾಸ್ಕೋದವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಆ ಮಾತನ್ನೇ ಅವನ ಕೈಗೆ ಬಿಟ್ಟುಕೊಡಬೇಡಿ. ಲೂಕನ ಪುಸ್ತಕದಲ್ಲೇ ಎರಡು ಅಧ್ಯಾಯ ಮುಂದೆ ಹೋಗಿ. 19ರಲ್ಲಿ ಜಕ್ಕಾಯ ಬರುತ್ತಾನೆ.

ಭಾನುವಾರ ಶಾಲೆಯಲ್ಲಿ ಇವನನ್ನ ಮರ ಹತ್ತಿದ ಗಿಡ್ಡ ಅಂತ ಹೇಳಿಕೊಟ್ಟು ಹಾಳು ಮಾಡಿದ್ದೇವೆ. ಯೆರಿಕೋದ ಸುಂಕದವರ ಮುಖ್ಯಸ್ಥ ಅವನು. ರೋಮನ್ನರ ಪರವಾಗಿ ವಸೂಲಿ, ಮೇಲಿಂದ ತನ್ನ ಪಾಲು. ಊರೆಲ್ಲ ಛೀ ಅನ್ನುತ್ತಿತ್ತು. ಯೇಸು ಅತ್ತಿಮರದ ಕೆಳಗೆ ನಿಂತು, ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇರಬೇಕು ಅನ್ನುತ್ತಾರೆ. ಅಷ್ಟೇ. ಲಂಚದ ಬಗ್ಗೆ ಒಂದು ಮಾತಿಲ್ಲ, ಉಪದೇಶ ಇಲ್ಲ, ಷರತ್ತು ಇಲ್ಲ. ಅವನು ಎದ್ದು ನಿಂತು ತಾನೇ ಹೇಳುತ್ತಾನೆ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕು ಪಾಲು ವಾಪಸ್. ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ತಪ್ಪೊಪ್ಪಿಕೊಂಡರೆ, ಮೂಲ ಹಣದ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು ಧರ್ಮಶಾಸ್ತ್ರದ ಪ್ರಕಾರ. ನಾಲ್ಕು ಪಾಲು ಅನ್ನೋದು ಕುರಿ ಕದ್ದು ಮಾರಿದ ಕಳ್ಳನಿಗೆ ಹಾಕುವ ದಂಡ. ತನಗೆ ತಾನೇ ಕಳ್ಳನ ದಂಡ ಹಾಕಿಕೊಂಡ ಪುಣ್ಯಾತ್ಮ!

ಈಗ ಅದರ ಮುಂದಿನ ವಾಕ್ಯ ನೋಡಿ, 19:11. ಜನ ದೇವರ ರಾಜ್ಯ ಈಗಲೇ ಕಾಣಿಸಿಕೊಳ್ಳುತ್ತದೆ ಅಂತ ತಿಳಿದಿದ್ದರು ಅಂತ ಲೂಕ ಬರೆಯುತ್ತಾನೆ. ಯೆರೂಸಲೇಮಿನ ಕಡೆ ಕಣ್ಣಿಟ್ಟು ನಿಂತಿದ್ದಾರೆ. ಪಕ್ಕದ ಮನೆಯಲ್ಲಿ ತಿಜೋರಿ ತೆರೆದುಕೊಂಡದ್ದು ಅವರಿಗೆ ಕಾಣಲೇ ಇಲ್ಲ. ನನ್ನ ಮಟ್ಟಿಗೆ ಒಳಗಿನ ರಾಜ್ಯ ಅಂದರೆ ಇದು. ನಿಮ್ಮ ಗುತ್ತಿಗೆದಾರನ ಡೈರಿಯಲ್ಲಿ ಮೊತ್ತದ ಜಾಗ ಖಾಲಿ ಇತ್ತಲ್ಲ, ಅವನ ಒಳಗೂ ಆ ರಾಜನ ಜಾಗ ಖಾಲಿಯೇ. ಹಾಡು ಎಷ್ಟು ಜೋರಾಗಿದ್ದರೇನು?

ವಾಸ್ಕೋ ವಾಸಿ:
ಈ ಮಾತು ಹಿಡಿಸಿತು. ಆದರೂ ಎಲ್ಲ ಗುತ್ತಿಗೆದಾರರೂ ಜಕ್ಕಾಯ ಆಗೋವರೆಗೆ ಕೂಲಿಯವರು ಕಾಯಬೇಕಾ? ಆ ಹೆಂಗಸಿಗೆ ದುಡ್ಡು ಸಿಕ್ಕಿದ್ದು ನಾವು ನಾಲ್ಕು ಜನ ಕೆಲಸ ನಿಲ್ಲಿಸಿ ಕೂತ ಮೇಲೆ.

ಮಡಗಾಂವ್ ಮಳೆ:
ಕಾಯಬೇಕಿಲ್ಲ. ನೀವು ಕೂತಿರಲ್ಲ, ಅದನ್ನೂ ರಾಜ್ಯದ ಲೆಕ್ಕಕ್ಕೆ ಹಾಕಿಕೊಳ್ಳಿ.

ಸಾಂಗ್ಲಿ ಸಂತೆ:
ಒಳಗಿನ ರಾಜ್ಯ ಅಂದರೆ ಸುಮ್ನೆ ಕೂರೋದು ಅಂತ ಯಾರಾದರೂ ಅಂದರೆ ರಷ್ಯದ ಲೇಖಕ ಟಾಲ್‌ಸ್ಟಾಯ್ ನೆನಪು ಮಾಡಿಕೊಡಿ. ಲೂಕನ ಇದೇ ಮಾತನ್ನ ಹೆಸರಾಗಿಟ್ಟುಕೊಂಡು ಅವರು ಬರೆದ ಪುಸ್ತಕವನ್ನ ರಷ್ಯದಲ್ಲಿ ನಿಷೇಧ ಮಾಡಿದರು, 1894ರಲ್ಲಿ ಜರ್ಮನಿಯಲ್ಲಿ ಅಚ್ಚಾಯಿತು. ಯಾಕೆ ನಿಷೇಧ? ಒಳಗೆ ದೇವರು ರಾಜ ಅನ್ನೋದು ನಿಜ ಆದರೆ ಸರ್ಕಾರ ಕೊಲ್ಲು ಅಂದಾಗ ಕೊಲ್ಲಲ್ಲ, ಸೈನ್ಯಕ್ಕೆ ಬಾ ಅಂದಾಗ ಬರಲ್ಲ ಅನ್ನಬೇಕಾಗುತ್ತದೆ ಅಂತ ಬರೆದಿದ್ದಕ್ಕೆ. ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿ ಅದನ್ನ ಓದಿ ಅಲ್ಲಾಡಿಹೋದರು. 1910ರಲ್ಲಿ ಜೊಹಾನ್ಸ್‌ಬರ್ಗ್ ಹತ್ತಿರ ಸತ್ಯಾಗ್ರಹಿಗಳ ಕುಟುಂಬಗಳಿಗೆ ಮಾಡಿದ ತೋಟಕ್ಕೆ ಟಾಲ್‌ಸ್ಟಾಯ್ ಹೆಸರೇ ಇಟ್ಟರು. ಪುಣೆಯವರು ಗಾಂಧೀಜಿ ಸೆರೆಯಲ್ಲಿದ್ದ ಯೆರವಡಾ ಜೈಲಿನ ಮುಂದೆ ಹೋಗುವಾಗ ಇದನ್ನ ಯೋಚಿಸಬಹುದು.

ಹಡಪ್ಸರ್ ಹಾದಿ:
ಟಾಲ್‌ಸ್ಟಾಯ್ ಪವಾಡ, ಪುನರುತ್ಥಾನ ಎಲ್ಲ ಕೈಬಿಟ್ಟವರು. ರಷ್ಯದ ಸಭೆ, ಅಂದರೆ ಅಲ್ಲಿನ ಚರ್ಚು, 1901ರಲ್ಲಿ ಅವರನ್ನ ಹೊರಗಿಟ್ಟಿತು. ಅವರನ್ನ ಕ್ರೈಸ್ತ ತಿಳಿವಳಿಕೆಯ ಅಳತೆಗೋಲು ಮಾಡಬೇಡಿ. ಅದೇ ಹೊತ್ತಿನಲ್ಲಿ ಬರ್ಲಿನ್‌ನಲ್ಲಿ ಹಾರ್ನಾಕ್ ಎಂಬ ದೊಡ್ಡ ವಿದ್ವಾಂಸರು, ರಾಜ್ಯ ಅಂದರೆ ದೇವರು ಒಬ್ಬೊಬ್ಬರ ಆತ್ಮದೊಳಗೆ ಬಂದು ಆಳೋದು ಅಂತ ಪಾಠ ಮಾಡಿದರು. ಆದರೆ ಅದಕ್ಕೂ ಮೊದಲೇ, 1892ರಲ್ಲಿ, ವೈಸ್ ಎಂಬವರು, ಇಲ್ಲ ಸ್ವಾಮಿ, ಯೇಸು ಹೇಳಿದ್ದು ಲೋಕವನ್ನೇ ಬುಡಮೇಲು ಮಾಡೋ ಮುಂದಿನ ಘಟನೆ ಅಂತ ವಾದಿಸಿದ್ದರು. 1906ರಲ್ಲಿ ಶ್ವೈಟ್ಜರ್ ಅದನ್ನೇ ಇನ್ನೂ ಜೋರಾಗಿ ಹೇಳಿದರು. ಅಂದರೆ ಎರಡನೇ ಬರೋಣ ಬಿಟ್ಟು ಒಳಗೆ ಒಳಗೆ ಅಂತ ಹೇಳೋದು ಅರ್ಧ ಸುವಾರ್ತೆ. ಲೂಕ 17ರಲ್ಲೇ ನೋಡಿ. ಫರಿಸಾಯರಿಗೆ ನಿಮ್ಮಲ್ಲೇ ಇದೆ ಅಂದ ಬಾಯಲ್ಲೇ, ಶಿಷ್ಯರಿಗೆ ಮನುಷ್ಯಕುಮಾರ (ಯೇಸು ತನ್ನನ್ನ ಕರೆದುಕೊಳ್ಳುತ್ತಿದ್ದ ಹೆಸರು) ಬರುವ ದಿನ ಆಕಾಶದ ಈ ತುದಿಯಿಂದ ಆ ತುದಿಗೆ ಹೊಳೆಯೋ ಮಿಂಚಿನ ಹಾಗೆ ಅಂತ ಹೇಳಿದ್ದಾರೆ.

ಮಾಟುಂಗಾ ಮಾಮ:
ಸರಿ. ಹಿಂಜವಡಿಯ ಹುಡುಗನಿಗೆ ಕೊಡಬೇಕಾದ ಉತ್ತರ ಅದೇ. ಮಿಂಚಿನ ಮಾತು ಶಿಷ್ಯರಿಗೆ ಯಾಕೆ ಹೇಳಿದರು? ಅವರೂ "ಅಗೋ ಅಲ್ಲಿ" ಅನ್ನೋರ ಹಿಂದೆ ಓಡದಿರಲಿ ಅಂತ. ಆ ದಿನ ಬಂದರೆ ಯಾರೂ ತೋರಿಸಿಕೊಡಬೇಕಾಗಿಲ್ಲ. ಅಲ್ಲಿವರೆಗೆ ತಾರೀಖು ಹೇಳೋ ವಾಟ್ಸಾಪ್ ವೀಡಿಯೋಗಳನ್ನ ಫಾರ್ವರ್ಡ್ ಮಾಡೋದು ಬಿಟ್ಟರೆ ಒಳ್ಳೇದು. ನಮ್ಮ ಬಿಲ್ಡಿಂಗ್ ಗುಂಪಿಗೇ ದಿನಾ ಬರುತ್ತೆ.

ಮಡಗಾಂವ್ ಮಳೆ:
ಗೋವಾದಲ್ಲಿ ಕೂತವಳಾಗಿ ನಾನು ಒಂದು ಹೇಳಲೇಬೇಕು. ರಾಜ್ಯವನ್ನ ಬರೀ ಹೊರಗಿನಿಂದ ತರೋಕೆ ಹೊರಟರೆ ಏನಾಗುತ್ತೆ ಅನ್ನೋದು ನಮ್ಮ ಹಳೇ ಗೋವಾದಲ್ಲೇ ಇದೆ. ಬೊಂ ಜೆಜುಸ್ ಬಸಿಲಿಕಾ ನೋಡೋಕೆ ಬರುವವರಿಗೆ ಕಾಣೋದು ಚಿನ್ನದ ಕೆತ್ತನೆ. ಅದೇ ಊರಲ್ಲಿ 1560ರಿಂದ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರನ್ನ ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ, ನಡೆಯಿತು. ನಡುವೆ ಸ್ವಲ್ಪ ಕಾಲ ನಿಂತು, ಪೂರ್ತಿ ಮುಗಿದದ್ದು 1812ರಲ್ಲಿ. ಮತಾಂತರ ಆದವರು ಮನೆಯೊಳಗೆ ಹಳೇ ಆಚರಣೆ ಮಾಡುತ್ತಾರಾ ಅಂತ ಪತ್ತೆ ಹಚ್ಚೋದು ಅದರ ಒಂದು ಕೆಲಸ. ಶಿಲುಬೆಯ ಹೆಸರಲ್ಲಿ ಮನೆ ಮನೆ ಒಳಗೆ ಇಣುಕಿದರು. ಒಬ್ಬ ಕ್ಯಾಥೊಲಿಕಳಾಗಿ ಇದನ್ನ ಹೇಳೋಕೆ ನನಗೆ ಹಿಂಜರಿಕೆ ಇಲ್ಲ. "ನನ್ನ ರಾಜ್ಯ ಈ ಲೋಕದ್ದಲ್ಲ" ಅಂತ ರೋಮನ್ ಅಧಿಪತಿ ಪಿಲಾತನ ಮುಂದೆ ಹೇಳಿದವರ ಹೆಸರಲ್ಲಿ ನಡೆದದ್ದು ಇದು.

ನಮ್ಮಲ್ಲಿ ಕ್ರಿಸ್ತರಾಜರ ಹಬ್ಬ ಇದೆ. 1925ರಲ್ಲಿ 11ನೇ ಪಿಯುಸ್ ಪೋಪರು ಶುರು ಮಾಡಿದ್ದು. ಈಗ ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಹಿಂದಿನ ಭಾನುವಾರ ಬರುತ್ತೆ. ಆ ದಿನ ಮೆರವಣಿಗೆ ಚೆನ್ನಾಗಿರುತ್ತೆ. ಆದರೆ ಈ ರಾಜನಿಗೆ ಕಿರೀಟ ಅಂತ ಮುಳ್ಳು ಕಟ್ಟಿದ್ದು ಸೈನಿಕರು, ತಮಾಷೆಗೆ. ಬಾಜಾ ಬಜಾಯಿಸುವಾಗ ಇದನ್ನ ಮರೀತೀವಿ.

ಪಿಂಪ್ರಿ ಪಾಳಿ:
ನಮ್ಮ ಕಡೆ ಇದನ್ನ ಬದುಕಿ ತೋರಿಸಿದವರು ಯಾರಾದರೂ ಇದ್ದಾರಾ? ರಷ್ಯ, ಬರ್ಲಿನ್ ಹೇಳಿದರೆ ನಮ್ಮ ಗುಂಪಿನವರು ಆಕಳಿಸ್ತಾರೆ.

ಸಾಂಗ್ಲಿ ಸಂತೆ:
ಇದ್ದಾರಲ್ಲ, ನಿಮ್ಮ ರೈಲು ದಾರಿಯಲ್ಲೇ! ಪುಣೆಯಿಂದ ಕಲಬುರಗಿಗೆ ಹೋಗುವಾಗ ದೌಂಡ್‌ಗಿಂತ ಮೊದಲು ಕೇಡಗಾಂವ್ ಬರುತ್ತೆ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಅಲ್ಲಿದೆ. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಲ್ಲಿ. 1896ರ ಬರಗಾಲದಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋಗಿ, ಹಸಿವಿನಿಂದ ಬೀದಿಗೆ ಬಿದ್ದ ಹೆಣ್ಣುಮಕ್ಕಳನ್ನ, ವಿಧವೆಯರನ್ನ ಕರೆತಂದರು. ಕೇಡಗಾಂವ್‌ನಲ್ಲಿ ಹೊಲ, ಮಗ್ಗ, ಅಚ್ಚುಕೂಟ, ಶಾಲೆ ಎಲ್ಲ ಮಾಡಿದರು. ಅದೇ ಮುಕ್ತಿಯಲ್ಲಿ 1905ರಲ್ಲಿ ದೊಡ್ಡ ಉಜ್ಜೀವನ, ಅಂದರೆ ಭಕ್ತಿಯ ಹೊಸ ಅಲೆ, ಆಯಿತು. ಹುಡುಗಿಯರು ಗಂಟೆಗಟ್ಟಲೆ ಅತ್ತು ಪ್ರಾರ್ಥಿಸಿದರು ಅಂತ ದಾಖಲೆ ಇದೆ. ಒಳಗಿನ ಬೆಂಕಿ, ಹೊರಗಿನ ಗಂಜಿ ಎರಡೂ ಒಂದೇ ಅಂಗಳದಲ್ಲಿ.

ಇನ್ನೊಬ್ಬರು ನಾರಾಯಣ ವಾಮನ ಟಿಳಕ್, ಮರಾಠಿ ಕವಿ. 1895ರಲ್ಲಿ ಮುಂಬೈಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದವರು. ತುಕಾರಾಮರನ್ನ ಸೇತುವೆ ಮಾಡಿಕೊಂಡು ಕ್ರಿಸ್ತನ ಹತ್ತಿರ ಬಂದೆ ಅನ್ನುತ್ತಿದ್ದರು. ಕೊನೆಗಾಲದಲ್ಲಿ, 1917ರಲ್ಲಿ, ಸಾತಾರಾದಲ್ಲಿ "ದೇವಾಚಾ ದರಬಾರ" ಶುರು ಮಾಡಿದರು. ದೇವರ ದರ್ಬಾರು. ದೀಕ್ಷಾಸ್ನಾನ ಆದವರಿಗೂ ಆಗದವರಿಗೂ ಅಲ್ಲಿ ಜಾಗ ಇತ್ತು, ಕ್ರಿಸ್ತನ ಹಿಂದೆ ನಡೆಯೋ ಮನಸ್ಸಿದ್ದರೆ ಸಾಕು. ಎರಡು ವರ್ಷಕ್ಕೆ ಅವರೇ ತೀರಿಕೊಂಡರು.

ಕೊಥ್ರೂಡ್ ಕಾಯಕ:
ಹಾಗಿದ್ದರೆ ನನಗೂ ಆ ದರ್ಬಾರಲ್ಲಿ ಒಂದು ಚಾಪೆ ಸಿಗುತ್ತಿತ್ತು.

ಹಡಪ್ಸರ್ ಹಾದಿ:
ಸಿಗುತ್ತಿತ್ತು. ನನಗೆ ಮಾತ್ರ ಅದು ಸ್ವಲ್ಪ ಸಡಿಲ ಅನ್ನಿಸುತ್ತೆ. ದೀಕ್ಷಾಸ್ನಾನ ಬೇಡ, ಸಭೆ ಬೇಡ ಅಂದರೆ ಕೊನೆಗೆ ಎಲ್ಲರೂ ಅವರವರ ಒಳಗಿಗೆ ಅವರವರೇ ರಾಜರು.

ಮಾಟುಂಗಾ ಮಾಮ:
ಆ ಹೆದರಿಕೆ ಇರಲಿ, ಒಳ್ಳೆಯದೇ. ಚರ್ಚು ಯಾಕೆ ಅಂತ ಆ ಹುಡುಗ ಕೇಳಿದ್ದಕ್ಕೂ ಉತ್ತರ ಅಲ್ಲಿದೆ. ನನ್ನೊಳಗೆ ಯಾರು ಆಳುತ್ತಿದ್ದಾರೆ ಅಂತ ನನಗಿಂತ ಚೆನ್ನಾಗಿ ನನ್ನ ಹೆಂಡತಿಗೆ, ಮಕ್ಕಳಿಗೆ, ಪಕ್ಕದಲ್ಲಿ ಕೂತು ಪ್ರಾರ್ಥಿಸುವವರಿಗೆ ಗೊತ್ತು. ಹುಳಿಹಿಟ್ಟಿನ ಸಾಮ್ಯ ನೋಡಿ, ಮತ್ತಾಯ 13. ಹೆಂಗಸು ಹುಳಿಯನ್ನ ಮೂರು ಸೇರು ಹಿಟ್ಟಿನಲ್ಲಿ ಅಡಗಿಸುತ್ತಾಳೆ ಅಂತ ನಮ್ಮ ಬೈಬಲ್‌ನಲ್ಲಿದೆ. ನಮ್ಮ ಸೇರಲ್ಲ, ಮೂಲದ ಅಳತೆಯಲ್ಲಿ ಸುಮಾರು 40 ಲೀಟರ್ ಹಿಟ್ಟು. ಒಂದು ಮನೆಗೆ ಅಷ್ಟು ರೊಟ್ಟಿ ಯಾಕೆ? ಹುಳಿ ಅಡಗಿರೋದು ನಿಜ, ಹಿಟ್ಟು ಮಾತ್ರ ಊರಿಗೆಲ್ಲ ಆಗುವಷ್ಟು.

ವಾಸ್ಕೋ ವಾಸಿ:
ಊರಿಗೆಲ್ಲ ಆಗೋವಷ್ಟು ಅಂದಿರಲ್ಲ, ಅಲ್ಲಿಗೆ ನನ್ನ ತಕರಾರು ಅರ್ಧ ಕಡಿಮೆ ಆಯ್ತು. ಇನ್ನರ್ಧ ಪಗಾರದ ದಿನ ನೋಡಿ ಹೇಳ್ತೀನಿ.

ಪಿಂಪ್ರಿ ಪಾಳಿ:
ಎಲ್ಲರಿಗೂ ವಂದನೆ. ಈ ವಾರ 17ರ ಒಂದು ತುಂಡು ಓದೋದು ಬಿಟ್ಟು, 17:11ರಲ್ಲಿ ಹತ್ತು ಕುಷ್ಠರೋಗಿಗಳು ವಾಸಿಯಾಗೋದರಿಂದ ಹಿಡಿದು ಜಕ್ಕಾಯನ ತನಕ ಒಂದೇ ಓಟದಲ್ಲಿ ಓದಿಸ್ತೀನಿ. ಹಿರಿಯರನ್ನ ಒಪ್ಪಿಸಿ ಆಯಿತು. ಹಿಂಜವಡಿಯ ಹುಡುಗ ಮಾತ್ರ, ಅವನ ಕಂಪನಿಯಲ್ಲಿ ಓವರ್‌ಟೈಮ್ ದುಡ್ಡು ಹಿಡಿದಿರೋ ಮ್ಯಾನೇಜರನ್ನೂ ಕರೆಯಲಾ ಅಂತ ಕೇಳ್ತಿದ್ದಾನೆ. ಕರಿ ಅಂದಿದ್ದೀನಿ.